ಹಳ್ಳದ ಮೇಲ್ಗಡೆ ಏನಿದೆ, ಮೊದಲು ಅದನ್ನು ನೋಡಿ

ಮಳೆ ಹಿಂದೆ ಸರಿದು ಗುಡ್ಡಗಳ ಮೇಲೆ ಹುಲ್ಲು ಇನ್ನೂ ಹಸಿರಾಗಿರುವ ಈ ಹೊತ್ತಿನಲ್ಲಿ ಪ್ರತಿ ವರ್ಷ ಇಂಥ ಪತ್ರಗಳು ಬರುತ್ತವೆ. ಈ ಸಲ ಜಾಸ್ತಿಯೇ ಬಂದಿವೆ. ಎಲ್ಲರೂ ಕೇಳುವುದು ಒಂದೇ: ಚಾರಣಕ್ಕೆ, ಕ್ಯಾಂಪಿಗೆ ಹೋಗುವಾಗ ಕುಡಿಯುವ ನೀರಿಗೆ ಯಾವ ಫಿಲ್ಟರ್ ಒಯ್ಯಬೇಕು? ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತವಳು. ನಿವೃತ್ತಿಯಾದ ಮೇಲೆ ಮೂಡಿಗೆರೆಯಲ್ಲಿದ್ದುಕೊಂಡು ಶಾಲೆ ಮಕ್ಕಳನ್ನು ಗುಡ್ಡ ಹತ್ತಿಸುತ್ತಿದ್ದೇನೆ. ಅದಕ್ಕೇ ಸಂಪಾದಕರು ಈ ಪತ್ರಗಳನ್ನೆಲ್ಲ ಒಟ್ಟು ಮಾಡಿ ನನಗೆ ಕಳಿಸಿದ್ದಾರೆ.

ಪ್ರಶ್ನೆ: ಅಕ್ಕ, ನಾವು ಐದು ಜನ ಗೆಳೆಯರು ನವೆಂಬರ್‌ನಲ್ಲಿ ಕುದುರೆಮುಖ ಹತ್ತಬೇಕು ಅಂತಿದ್ದೇವೆ. ಒಬ್ಬ ಸ್ಟ್ರಾ ಫಿಲ್ಟರ್ ಸಾಕು ಅಂತಾನೆ. ಇನ್ನೊಬ್ಬ ಹಿಂಡುವ ಫಿಲ್ಟರ್ ತಗೊಳ್ಳೋಣ ಅಂತಾನೆ. ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. ದುಡ್ಡೂ ಜಾಸ್ತಿ ಇಲ್ಲ. ಯಾವುದು ತಗೊಳ್ಳಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ತಮ್ಮ, ಹಿಂಡುವ ಫಿಲ್ಟರ್ ತಗೊಳ್ಳಿ, ಅಂದರೆ ಚೀಲಕ್ಕೆ ಹಳ್ಳದ ನೀರು ತುಂಬಿ ಹಿಂಡಿ ಸೋಸುವಂಥದ್ದು. ಐದು ಜನಕ್ಕೆ ಎರಡು ಸಾಕು. ಒಂದೇ ಒಯ್ದು ಅದು ಕಟ್ಟಿಕೊಂಡರೆ ಐದೂ ಜನ ಒಣಗಬೇಕಾಗುತ್ತದೆ. ಬೆಲೆ ತಿಂಗಳಿಗೊಂದು ರೀತಿ ಇರುತ್ತದೆ, ಅದಕ್ಕೆ ಬರೆಯುವುದಿಲ್ಲ. ಎರಡರ ದುಡ್ಡನ್ನು ಐದು ಜನ ಹಂಚಿಕೊಳ್ಳಿ, ಹಗುರಾಗುತ್ತದೆ.

ಸ್ಟ್ರಾ ಕೆಟ್ಟದ್ದೇನಲ್ಲ. ಲೈಫ್‌ಸ್ಟ್ರಾ ಥರದ್ದು ಒಂದು 4,000 ಲೀಟರ್‌ವರೆಗೆ ಬಾಳುತ್ತದೆ, ತೂಕ ಐವತ್ತು ಗ್ರಾಂ ಆಸುಪಾಸು. ಆದರೆ ಅದರಲ್ಲಿ ಕುಡಿಯಬೇಕಾದರೆ ಹಳ್ಳದ ಅಂಚಿನಲ್ಲಿ ಬೋರಲು ಮಲಗಬೇಕು, ಇಲ್ಲಾ ಲೋಟದಲ್ಲಿ ಎತ್ತಿಕೊಂಡು ಹೀರಬೇಕು. ಹೊತ್ತುಕೊಂಡು ಹೋಗಲು ಶುದ್ಧ ನೀರು ಸಿಗುವುದಿಲ್ಲ. ಗುಡ್ಡದಲ್ಲಿ ನೀರು ಸಿಗುವ ಜಾಗ ಒಂದು, ಬಾಯಾರುವ ಜಾಗ ಇನ್ನೊಂದು. ಮುಳ್ಳೋಡಿಯಿಂದ ಹೊರಟರೆ ನೀವು ಹಳ್ಳಗಳನ್ನು ದಾಟಿಕೊಂಡೇ ಹೋಗುತ್ತೀರಿ. ಆಮೇಲೆ ಬಯಲು ಹುಲ್ಲುಗುಡ್ಡ, ಬಿಸಿಲು, ಏರು. ಹೋಗಿ ಬರುವುದು ಸೇರಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ತಲಾ ಮೂರು ಲೀಟರ್ ನೀರು ಬೇಕೇ ಬೇಕು. ಹಿಂಡುವ ಫಿಲ್ಟರ್ ಇದ್ದರೆ ಹಳ್ಳದ ಹತ್ತಿರ ಕೂತು ಎಲ್ಲರ ಬಾಟಲಿ ತುಂಬಿಸಿಕೊಂಡು ಏಳಬಹುದು.

ಇದು ಹೇಗೆ ಕೆಲಸ ಮಾಡುತ್ತದೆ ಗೊತ್ತಿದ್ದರೆ ಕೊಳ್ಳುವಾಗ ಮೋಸ ಹೋಗುವುದಿಲ್ಲ. ಫಿಲ್ಟರಿನ ಹೊಟ್ಟೆಯಲ್ಲಿ ಶಾವಿಗೆ ಎಳೆಯ ಕಂತೆಯ ಹಾಗೆ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಪ್ರತಿ ಎಳೆಯ ಗೋಡೆಯಲ್ಲೂ ಕಣ್ಣಿಗೆ ಕಾಣದ ತೂತುಗಳು. ನೀರು ಹೊರಗಿನಿಂದ ಆ ತೂತುಗಳಲ್ಲಿ ನುಸುಳಿ ಎಳೆಯ ಒಳಗೆ ಬರುತ್ತದೆ, ದೊಡ್ಡದೆಲ್ಲ ಹೊರಗೇ ಉಳಿಯುತ್ತದೆ. ಸಾಯರ್ ಸ್ಕ್ವೀಜ್‌ನಂಥ ಫಿಲ್ಟರಿನಲ್ಲಿ ಆ ತೂತು 0.1 ಮೈಕ್ರಾನ್. ಸ್ಟ್ರಾಗಳಲ್ಲಿ ಸಾಮಾನ್ಯವಾಗಿ 0.2. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಇ.ಕೋಲಿ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಉದ್ದ. ಭೇದಿ ತರುವ ಇನ್ನೊಂದು ಜೀವಾಣು ಕ್ರಿಪ್ಟೋಸ್ಪೊರಿಡಿಯಂ ನಾಲ್ಕರಿಂದ ಆರು. ಅಂಥದ್ದೇ ಜಿಯಾರ್ಡಿಯಾದ ಗೂಡು, ಅಂದರೆ ಗಟ್ಟಿ ಕವಚದೊಳಗಿನ ರೂಪ, ಎಂಟರಿಂದ ಹನ್ನೆರಡು. ಇವೆಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಪ್ಯಾಕಿನ ಮೇಲೆ ಅಳತೆಯ ಪಕ್ಕದಲ್ಲಿ 'ಅಬ್ಸೊಲ್ಯೂಟ್' ಅಂತ ಇದೆಯಾ ನೋಡಿ. ಅಂದರೆ ಅದಕ್ಕಿಂತ ದೊಡ್ಡ ತೂತು ಒಂದೂ ಇಲ್ಲ ಅಂತ. 'ನಾಮಿನಲ್' ಅಂತಿದ್ದರೆ ಅದು ಸರಾಸರಿ ಲೆಕ್ಕ, ದೊಡ್ಡ ತೂತುಗಳೂ ಇರುತ್ತವೆ. ಅದನ್ನು ಬಿಟ್ಟುಬಿಡಿ.

ಜಿಯಾರ್ಡಿಯಾದ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು ಅನಿಸುತ್ತದೆ. ಸ್ಲೈಡಿನ ಮೇಲೆ ಮಲದ ಸಣ್ಣ ಕಣ ಇಟ್ಟು, ಒಂದು ಹನಿ ಅಯೋಡಿನ್ ಬಿಟ್ಟು, ಮೇಲೆ ತೆಳು ಗಾಜು ಮುಚ್ಚಿ ನೋಡಿದರೆ ಕಂದು ಬಣ್ಣದ ಮೊಟ್ಟೆಯಾಕಾರದ ಗೂಡುಗಳು ಕಾಣುತ್ತವೆ. ಗೂಡಿನಿಂದ ಹೊರಬಂದ ಜೀವಾಣು ಸಿಕ್ಕರೆ ಇನ್ನೂ ಚೆನ್ನಾಗಿ ಗುರುತಾಗುತ್ತದೆ: ಪೇರಳೆ ಆಕಾರ, ಅದರಲ್ಲಿ ಅಕ್ಕಪಕ್ಕ ಎರಡು ಬೀಜಕೇಂದ್ರ, ಎರಡು ಕಣ್ಣು ನಮ್ಮನ್ನೇ ನೋಡುವ ಹಾಗೆ. ಅದು ಹೊಟ್ಟೆ ಸೇರಿ ಒಂದೆರಡು ವಾರವಾದ ಮೇಲೆ ಕಾಟ ಶುರು. ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಜಿಡ್ಡು ಜಿಡ್ಡಾದ ಭೇದಿ. ಅಷ್ಟು ಹೊತ್ತಿಗೆ ಗುಡ್ಡದ ನೀರು ಯಾರಿಗೂ ನೆನಪಿರುವುದಿಲ್ಲ. ನಿನ್ನೆ ತಿಂದ ಗೋಬಿಯನ್ನು ಬೈಯುತ್ತಾ ಬರುತ್ತಿದ್ದರು. ನಾನು ಕೇಳುತ್ತಿದ್ದುದು ಒಂದೇ ಮಾತು: "ಹದಿನೈದು ದಿನದ ಹಿಂದೆ ಎಲ್ಲಿಗೆ ಹೋಗಿದ್ದಿರಿ?"

ಇನ್ನು ಎರಡು ಮಾತು. ಇಂಥ ಫಿಲ್ಟರಿನ ಜೊತೆ ಬರುವ ಚೀಲ ಜೋರಾಗಿ ಹಿಂಡಿದರೆ ಹೊಲಿಗೆಯ ಹತ್ತಿರ ಸೀಳುತ್ತದೆ. ಫಿಲ್ಟರನ್ನು ನೇರ ಬಾಟಲಿಗೂ ಸಿಗಿಸಬಹುದು. ತಂಪು ಪಾನೀಯದ ಬಾಟಲಿಯ ಕಂಠಕ್ಕೆ ಕೂರುತ್ತದೆ, ಆದರೆ ನಮ್ಮಲ್ಲಿ ಸಿಗುವ ನೀರಿನ ಬಾಟಲಿಗಳಿಗೆಲ್ಲ ಕೂರುವುದಿಲ್ಲ. ಮನೆಯಲ್ಲೇ ತಿರುಗಿಸಿ ನೋಡಿ, ತೊಟ್ಟಿಕ್ಕದೆ ಕೂತ ಬಾಟಲಿಯನ್ನೇ ಒಯ್ಯಿರಿ. ಅದು ಮತ್ತೆ ನಿಮ್ಮ ಜೊತೆಗೇ ವಾಪಸ್ ಬರಬೇಕು.

ಎರಡನೆಯದು, ಹಳ್ಳದ ನೀರು ತುಂಬುವ ಬಾಟಲಿಗೆ ಕೆಂಪು ಟೇಪ್ ಸುತ್ತಿ. ಒಮ್ಮೆ ಬಲ್ಲಾಳರಾಯನ ದುರ್ಗದಲ್ಲಿ ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ಹಳ್ಳದ ನೀರಿನ ಬಾಟಲಿಯ ಮುಚ್ಚಳವನ್ನೇ ಸೋಸಿದ ನೀರಿನ ಬಾಟಲಿಗೆ ಹಾಕಿದಳು. ದನ ಮೇಯುವ ಜಾಗದ ನೀರು ಅದು. ಅವಳ ಜೊತೆ ಕುಡಿದ ಇನ್ನೊಬ್ಬಳಿಗೂ ಮೂರು ದಿನ ಭೇದಿ. ಫಿಲ್ಟರ್ ಚೆನ್ನಾಗಿಯೇ ಇತ್ತು. ಟೇಪ್ ಸುತ್ತದೆ ಹೋದದ್ದು ನನ್ನ ತಪ್ಪು. ಆ ಮಕ್ಕಳ ಅಮ್ಮಂದಿರ ಮುಂದೆ ನಿಂತು ಅದನ್ನೇ ಹೇಳಿದೆ. ಆವತ್ತಿನಿಂದ ನನ್ನ ಚೀಲದಲ್ಲಿ ಕೆಂಪು ಟೇಪ್ ಇಲ್ಲದ ದಿನವಿಲ್ಲ.

ಅಂದ ಹಾಗೆ, ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ.

ಪ್ರಶ್ನೆ: ನಾನು ಟಿಡಿಎಸ್ ಮೀಟರ್ ಒಂದು ತಗೊಂಡಿದ್ದೇನೆ. ಮಕ್ಕಳ ಜೊತೆ ಬಿಸಿಲೆ ಕಡೆ ಹೋದಾಗ ತೊರೆಯ ನೀರಿಗೆ ಅದ್ದಿ ನೋಡಿದೆ, 28 ತೋರಿಸಿತು. ನಮ್ಮನೆ ಬೋರ್‌ವೆಲ್ ನೀರು 600 ದಾಟುತ್ತದೆ. ಹಾಗಾದರೆ ತೊರೆ ನೀರನ್ನು ಹಾಗೇ ಕುಡಿಯಬಹುದಲ್ವಾ ಮೇಡಂ?
– ಶಾಲಾ ಶಿಕ್ಷಕರು, ಬೇಲೂರು

ಉತ್ತರ: ಕುಡಿಯಬೇಡಿ ಸರ್. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಉಪ್ಪಿನಂಶವನ್ನು ಮಾತ್ರ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಒಂದು ಅಂಕಿ ಕೊಡುತ್ತದೆ, ಅಷ್ಟೇ. ಜೀವಾಣು ಅದಕ್ಕೆ ಕಾಣುವುದಿಲ್ಲ. ಬಂಡೆ ಮೇಲಿಂದ ಇಳಿದ ಮಳೆನೀರಿನಲ್ಲಿ ಉಪ್ಪು ಕಡಿಮೆಯೇ ಇರುತ್ತದೆ. ಅದರಲ್ಲಿ ಚೂರು ಸಗಣಿ ಕಲಸಿದರೂ ಅಂಕಿ ಹೇಳಿಕೊಳ್ಳುವಷ್ಟು ಏರುವುದಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2,000ವರೆಗೂ ಆಗಬಹುದು ಅಂತಿದೆ. ಅದೇ ಮಾನದಂಡ ಇ.ಕೋಲಿ ವಿಷಯಕ್ಕೆ ಬಂದಾಗ 100 ಮಿಲಿ ನೀರಿನಲ್ಲಿ ಒಂದೂ ಇರಕೂಡದು ಅನ್ನುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಅಂತ ಅಲ್ಲೇ ಗೊತ್ತಾಗುತ್ತದೆ. ಮಕ್ಕಳಿಗೂ ಇದನ್ನು ತರಗತಿಯಲ್ಲಿ ಹೇಳಿ. ಆ ಪುಟ್ಟ ಮೀಟರನ್ನು ನಂಬಿ ನೀರು ಕುಡಿಯುವವರನ್ನು ಈಗ ತುಂಬ ನೋಡುತ್ತಿದ್ದೇನೆ, ಭಯವಾಗುತ್ತದೆ.

ಪ್ರಶ್ನೆ: ನಮ್ಮದು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ಹಳ್ಳದ ಪಕ್ಕದಲ್ಲಿ ಎರಡು ಟೆಂಟ್ ಹಾಕಿಸಿದ್ದೇವೆ. ಬೆಂಗಳೂರಿನಿಂದ ಬರುವವರಿಗೆ ಹಳ್ಳದ ನೀರನ್ನೇ ಫಿಲ್ಟರ್ ಮಾಡಿಕೊಂಡು ಕುಡಿಯುವುದು ಒಂದು ಅನುಭವ ಆಗಲಿ ಅಂತ ಆಸೆ. ಯಾವ ಪೋರ್ಟಬಲ್ ಫಿಲ್ಟರ್ ಇಡಲಿ ಅಕ್ಕ?
– ಬೆಳೆಗಾರ್ತಿ, ಚಿಕ್ಕಮಗಳೂರು ತಾಲ್ಲೂಕು

ಉತ್ತರ: ಯಾವುದೂ ಇಡಬೇಡಿ ತಂಗಿ. ನಿಮ್ಮ ಹಳ್ಳದ ಮೇಲ್ಗಡೆ ಏನಿದೆ? ಇನ್ನೊಬ್ಬರ ತೋಟ. ಅದರ ಮೇಲೆ ಮತ್ತೊಬ್ಬರದು. ನಮ್ಮ ಕಡೆ ಕಾಡಿನಿಂದ ನೇರ ಇಳಿದು ಬರುವ ಹಳ್ಳ ಎಷ್ಟಿವೆ ಹೇಳಿ.

ಬೆಳೆಗಾರರಿಗೆ ನಾನು ಇದನ್ನು ಕಾಫಿಯಲ್ಲೇ ಹೇಳುವುದು. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ಯುತ್ತೀರಿ. ಗಸಿ ಮೇಲೆ ಉಳಿಯುತ್ತದೆ, ಡಿಕಾಕ್ಷನ್ ಕೆಳಗಿಳಿಯುತ್ತದೆ. ಬಣ್ಣ, ಕಹಿ, ಘಮ ಎಲ್ಲ ಕೆಳಗೆ ಬಂತಲ್ವಾ? ಅವೆಲ್ಲ ನೀರಿನಲ್ಲಿ ಕರಗಿವೆ. ಕ್ಯಾಂಪಿನ ಫಿಲ್ಟರೂ ಹಾಗೇ. ಜೀವಾಣು ಅದಕ್ಕೆ ಗಸಿ ಇದ್ದಂತೆ, ತಡೆಯುತ್ತದೆ. ಕರಗಿದ್ದನ್ನು ತಡೆಯುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕದಡಿ ಆ ಫಿಲ್ಟರಿನಲ್ಲಿ ಹಿಂಡಿ ನೋಡಿ. ಉಪ್ಪುಪ್ಪಾಗಿಯೇ ಬರುತ್ತದೆ. ಆಮೇಲೆ ಒಳ್ಳೆ ನೀರು ಹಾಯಿಸಿ ತೊಳೆಯಲು ಮರೆಯಬೇಡಿ.

ತೋಟದ ನೀರಿನಲ್ಲಿ ಕರಗಿರುವುದು ಏನೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆಗೆ ಮುಂಚೆ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಮೈಲುತುತ್ತು ಅಂದರೆ ತಾಮ್ರ. ಗೊಬ್ಬರ ಇದೆ, ಕಳೆನಾಶಕ ಇದೆ, ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಇದೆ. ಕೊಯ್ಲು ಶುರುವಾದ ಮೇಲೆ ಪಲ್ಪರ್ ನೀರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಬರುವುದು. ಅದನ್ನು ಹೊಂಡದಲ್ಲಿ ನಿಲ್ಲಿಸಬೇಕು, ಹಳ್ಳಕ್ಕೆ ಬಿಡಬಾರದು. ಎಲ್ಲರೂ ಹಾಗೆ ಮಾಡುತ್ತಾರಾ? ಡಿಸೆಂಬರ್, ಜನವರಿಯಲ್ಲಿ ಹಳ್ಳದ ಅಂಚಿನಲ್ಲಿ ಕಂದು ನೊರೆ ಕಟ್ಟಿ, ಹುಳಿಹೆಂಡದ ಥರ ವಾಸನೆ ಬರುವುದನ್ನು ನಾವಿಬ್ಬರೂ ನೋಡಿದ್ದೇವೆ. ಇದ್ದಿಲು ಸೇರಿಸಿದ ಫಿಲ್ಟರುಗಳು ಔಷಧಿಯ ಅಂಶವನ್ನು ಸ್ವಲ್ಪ ಹೀರಿಕೊಳ್ಳುತ್ತವೆ, ವಾಸನೆಯನ್ನೂ ತೆಗೆಯುತ್ತವೆ. ಆದರೆ ಆ ಇದ್ದಿಲಿನ ಶಕ್ತಿ ಯಾವತ್ತು ಮುಗಿಯಿತು ಅಂತ ನೀರಿನ ಬಣ್ಣ ನೋಡಿ ಹೇಳಲು ಆಗುವುದಿಲ್ಲ. ವಾಸನೆ ಹೋದ ನೀರನ್ನು ಜನ ಧೈರ್ಯವಾಗಿ ಕುಡಿಯುತ್ತಾರೆ, ನನಗೆ ಅದೇ ಯೋಚನೆ.

ಮನೆ ಬಾವಿಯ ನೀರನ್ನು ಜಿಲ್ಲೆಯ ನೀರು ಪರೀಕ್ಷೆ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಸರಿ ಇದ್ದರೆ ಅದನ್ನೇ ಕುದಿಸಿ ಆರಿಸಿ, ನಲ್ಲಿ ಇರುವ ಸ್ಟೀಲ್ ಡ್ರಮ್ಮಿನಲ್ಲಿ ಟೆಂಟಿನ ಹತ್ತಿರ ಇಡಿ. ಹಳ್ಳ ಕಾಲು ಇಳಿಬಿಟ್ಟು ಕೂರುವುದಕ್ಕೆ ಇರಲಿ. ಟೆಂಟಿನ ಶೌಚಾಲಯ ಹಳ್ಳದಿಂದ ಕನಿಷ್ಠ ಎಪ್ಪತ್ತು ಹೆಜ್ಜೆ ದೂರ ಇರಲಿ. ನಿಮ್ಮ ಕೆಳಗಡೆಯೂ ಯಾರದೋ ಮನೆ ಇರುತ್ತದೆ.

ಪ್ರಶ್ನೆ: ಜುಲೈನಲ್ಲಿ ಸಕಲೇಶಪುರದ ಹತ್ತಿರ ಗೆಳೆಯರ ಜೊತೆ ಕ್ಯಾಂಪ್ ಮಾಡಿದ್ದೆವು. ಹೊಸ ಫಿಲ್ಟರ್, ನಾಲ್ಕು ಲೀಟರ್ ಸೋಸುವಷ್ಟರಲ್ಲಿ ಕಟ್ಟಿಕೊಂಡಿತು. ಹಿಂಡಿ ಹಿಂಡಿ ಕೈ ನೋವು ಬಂತು. ಫಿಲ್ಟರ್ ಡೂಪ್ಲಿಕೇಟ್ ಇರಬಹುದಾ?
– ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಡೂಪ್ಲಿಕೇಟ್ ಇರಲಿಕ್ಕಿಲ್ಲ. ಮಳೆಗಾಲದ ಕೆಂಪು ನೀರು ಯಾವ ಫಿಲ್ಟರನ್ನೂ ಬಿಡುವುದಿಲ್ಲ. ಜೇಡಿಮಣ್ಣಿನ ಕಣ ಆ ಸಣ್ಣ ತೂತುಗಳಿಗೆ ಗಾರೆ ಮೆತ್ತಿದ ಹಾಗೆ ಮೆತ್ತಿಕೊಳ್ಳುತ್ತದೆ. ಜೊತೆಗೆ ಕೊಟ್ಟ ಸಿರಿಂಜ್ ಮನೆಯಲ್ಲೇ ಬಿಟ್ಟು ಹೋಗಿದ್ದಿರಾ? ಬಹಳ ಜನ ಹಾಗೇ ಮಾಡುತ್ತಾರೆ. ನೀರು ಹೊರಬರುವ ಬಾಯಿಯಿಂದ ಹಿಂದಕ್ಕೆ ಜೋರಾಗಿ ನೀರು ತಳ್ಳಿದರೆ ಮಣ್ಣು ಕಳಚಿಕೊಂಡು ಬರುತ್ತದೆ. ಹಾಗೆ ತಳ್ಳುವ ನೀರು ಸೋಸಿದ್ದೇ ಆಗಿರಬೇಕು. ಹಳ್ಳದ ನೀರನ್ನೇ ತಳ್ಳಿದರೆ ಶುದ್ಧವಾದ ಕಡೆಗೇ ಕೊಳೆ ಸೇರಿಸಿದ ಹಾಗಾಗುತ್ತದೆ.

ಅದಕ್ಕಿಂತ ಒಳ್ಳೆಯದು ಮಣ್ಣು ಫಿಲ್ಟರಿನವರೆಗೆ ಬಾರದ ಹಾಗೆ ನೋಡಿಕೊಳ್ಳುವುದು. ಪಾತ್ರೆಯಲ್ಲಿ ನೀರು ತುಂಬಿ, ಪಟಿಕದ ಗಟ್ಟಿಯನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆಯಿರಿ. ಒಂದು ಗಂಟೆ ಅಲುಗಾಡಿಸದೆ ಬಿಡಿ. ಮಣ್ಣು ಹತ್ತಿ ಹಿಂಜಿದ ಹಾಗೆ ಗುಂಪು ಗುಂಪಾಗಿ ತಳಕ್ಕೆ ಇಳಿಯುವುದನ್ನು ನೋಡುವುದೇ ಚೆಂದ. ಮೇಲಿನ ತಿಳಿಯನ್ನು ಹಳೆ ಪಂಚೆ ಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಆಮೇಲೆ ಫಿಲ್ಟರಿಗೆ ಹಾಕಿ. ಇನ್ನೂ ಸುಲಭ ಬೇಕಾ? ಜುಲೈ ತಿಂಗಳು, ಸಕಲೇಶಪುರ. ತಲೆ ಮೇಲೆ ನೀರು ಸುರಿಯುತ್ತಿರುವಾಗ ಹಳ್ಳಕ್ಕೆ ಯಾಕೆ ಹೋಗುತ್ತೀರಿ? ತೊಳೆದ ಟಾರ್ಪಾಲನ್ನು ಓರೆಯಾಗಿ ಕಟ್ಟಿ, ಮೊದಲ ಹತ್ತು ಹದಿನೈದು ನಿಮಿಷದ ನೀರು ಬಿಟ್ಟು, ಆಮೇಲಿನದನ್ನು ಪಾತ್ರೆಗೆ ಹಿಡಿಯಿರಿ. ಅದನ್ನೂ ಕುದಿಸಿಯೇ ಕುಡಿಯಿರಿ.

ಮಳೆಗಾಲದಲ್ಲಿ ಕುದಿಸಿ ಅಂತ ನಾನು ಒತ್ತಿ ಹೇಳುವುದಕ್ಕೆ ಒಂದು ಕಾರಣ ಇದೆ. ನಮ್ಮ ಕಡೆ ಇಲಿ ಜ್ವರ ಬರುವ ಕಾಲ ಅದು. ಇಲಿ, ದನಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೋಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಸುರುಳಿ ಸುತ್ತಿದ ದಾರದ ಹಾಗೆ ಇರುತ್ತದೆ. ಉದ್ದ ಇದ್ದರೂ ದಪ್ಪ ಬರೀ 0.1 ಮೈಕ್ರಾನ್ ಆಸುಪಾಸು. 0.2 ಮೈಕ್ರಾನ್ ತೂತಿನಲ್ಲಿ ತಿರುಚಿಕೊಂಡು ನುಸುಳಬಲ್ಲದು. ಲ್ಯಾಬುಗಳಲ್ಲಿ ಬೇರೆ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸುವುದಕ್ಕೆ ಇದೇ ಗುಣವನ್ನು ಬಳಸುತ್ತಾರೆ. ಬೇರೆಯವು ಮೇಲೆ ಉಳಿಯುತ್ತವೆ, ಇದು ಕೆಳಗೆ ಬರುತ್ತದೆ. ಹಾಗಾಗಿ ಗದ್ದೆ ಬದಿಯ ನೀರು, ನಿಂತ ನೀರಿಗೆ ಫಿಲ್ಟರನ್ನೇ ನಂಬಬೇಡಿ. ಅದು ಗಾಯದಿಂದಲೂ ಒಳಗೆ ಹೋಗುತ್ತದೆ. ಇಂಬಳ ಕಚ್ಚಿ ಕೆರೆದುಕೊಂಡ ಕಾಲಿನಲ್ಲಿ ಗದ್ದೆ ನೀರಿಗೆ ಇಳಿಯಬೇಡಿ. ಹೋಗಿ ಬಂದ ಮೇಲೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಆದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಗುಡ್ಡಕ್ಕೆ ಹೋಗಿದ್ದನ್ನೂ ಹೇಳಿ.

ಎಷ್ಟು ಹೊತ್ತು ಕುದಿಸಬೇಕು ಅಂತ ಬೇರೆ ಪತ್ರಗಳಲ್ಲೂ ಕೇಳಿದ್ದಾರೆ. ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ. ಎತ್ತರ ಹೋದ ಹಾಗೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಮುಳ್ಳಯ್ಯನಗಿರಿಯ 1,930 ಮೀಟರ್‌ನಲ್ಲಿ ಸುಮಾರು 94 ಡಿಗ್ರಿ. ಜೀವಾಣು ಸಾಯಲು ಅಷ್ಟು ಧಾರಾಳ ಸಾಕು. 2,000 ಮೀಟರ್ ದಾಟಿದರೆ ಮೂರು ನಿಮಿಷ ಅನ್ನುತ್ತಾರೆ. ಕರ್ನಾಟಕದಲ್ಲಿ ಅಷ್ಟು ಎತ್ತರದ ಗುಡ್ಡವೇ ಇಲ್ಲ.

ಪ್ರಶ್ನೆ: ನನ್ನ ಮಗ ಸ್ಕೌಟ್ ಕ್ಯಾಂಪಿಗೆ ಹೋಗುತ್ತಿದ್ದಾನೆ. ಫಿಲ್ಟರ್ ಕೊಡಿಸುವಷ್ಟು ಅನುಕೂಲ ಇಲ್ಲ. ನೀರಿಗೆ ಹಾಕುವ ಮಾತ್ರೆ ಸಾಕಾ? ನನಗೆ ಥೈರಾಯ್ಡ್ ಇದೆ, ಅಂಥವರು ಆ ನೀರು ಕುಡಿಯಬಾರದು ಅಂತ ಯಾರೋ ಹೇಳಿದರು.
– ಗೃಹಿಣಿ, ಅರಸೀಕೆರೆ

ಉತ್ತರ: ಸಾಕಮ್ಮ, ಧೈರ್ಯವಾಗಿ ಕೊಟ್ಟು ಕಳಿಸಿ. ಥೈರಾಯ್ಡ್ ಇರುವವರು, ಬಸುರಿಯರು ದೂರ ಇಡಬೇಕಾದದ್ದು ಅಯೋಡಿನ್ ಮಾತ್ರೆ. ನೀವು ಔಷಧಿ ಅಂಗಡಿಯಲ್ಲಿ ಕ್ಲೋರಿನ್ ಮಾತ್ರೆ ಕೇಳಿ. ಕೊಳ್ಳುವಾಗ ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಪ್ಯಾಕಿನ ಮೇಲೆ ಓದಿ. ಒಂದು ಲೀಟರಿನದೂ ಸಿಗುತ್ತದೆ, ಇಪ್ಪತ್ತು ಲೀಟರಿನದೂ ಸಿಗುತ್ತದೆ, ನೋಡಲು ಎರಡೂ ಒಂದೇ ಥರ. ಮಗನ ಬಾಟಲಿಯ ಅಳತೆಗೆ ಹೊಂದುವುದನ್ನು ಕೊಡಿಸಿ.

ಹಾಕಿ ಅರ್ಧ ಗಂಟೆ ಕಾಯಬೇಕು. ಇದೇ ಹುಡುಗರಿಗೆ ಕಷ್ಟ. ಅವನ ಕೈ ಗಡಿಯಾರ ನೋಡಿ ಹೊತ್ತು ಗುರುತು ಹಾಕಿಕೊಳ್ಳುವುದನ್ನು ಮನೆಯಲ್ಲೇ ಒಂದು ಸಲ ಮಾಡಿಸಿ. ಮಾತ್ರೆ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿ ಅಲ್ಲಾಡಿಸಬೇಕು, ಮುಚ್ಚಳದ ಸುತ್ತಿನ ನೀರಿಗೂ ಔಷಧಿ ತಾಗಲಿ. ಕದಡಿದ ನೀರಿಗೆ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಟ್ಟೆಯಲ್ಲಿ ಸೋಸಿಕೊಳ್ಳಲಿ. ಕಾಮಾಲೆ ತರುವ ವೈರಸ್ಸುಗಳು ತೀರಾ ಸಣ್ಣವು, ಫಿಲ್ಟರಿನ ತೂತಿನಲ್ಲಿ ದಾಟಿಹೋಗುತ್ತವೆ. ಅವನ್ನು ಈ ಅಗ್ಗದ ಮಾತ್ರೆ ಕೊಲ್ಲುತ್ತದೆ. ಜನ ಸೇರುವ ಕ್ಯಾಂಪಿನಲ್ಲಿ ಭಯ ಇರುವುದು ಅವುಗಳದ್ದೇ. ಕ್ರಿಪ್ಟೋಸ್ಪೊರಿಡಿಯಂ ಮಾತ್ರ ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಅದು ಎಳೆ ಕರುಗಳ ಸಗಣಿಯಲ್ಲಿ ಜಾಸ್ತಿ. ದನ ಇಳಿಯುವ ಕೆರೆ ಕಟ್ಟೆಯ ನೀರು ತುಂಬಿಕೊಳ್ಳಬೇಡ ಅಂತ ಹೇಳಿ ಕಳಿಸಿ. ಊರ ಹತ್ತಿರದ ನೀರಿಗೆ ನಾನೇ ಎರಡೂ ಮಾಡುತ್ತೇನೆ. ಮೊದಲು ಫಿಲ್ಟರ್, ಆಮೇಲೆ ಮಾತ್ರೆ.

ಪ್ರಶ್ನೆ: ನೀರಿನಲ್ಲಿ ಅದ್ದಿ ಜೀವಾಣು ಕೊಲ್ಲುವ ನೀಲಿ ಬೆಳಕಿನ ಯುವಿ ಪೆನ್ನು ಹೇಗೆ?
– ಫೋಟೋಗ್ರಾಫರ್, ಚಿಕ್ಕಮಗಳೂರು

ಉತ್ತರ: ತಿಳಿನೀರಿಗೆ ಚೆನ್ನಾಗಿದೆ. ಒಂದು ಲೀಟರಿಗೆ ಸುಮಾರು 90 ಸೆಕೆಂಡ್, ವೈರಸ್ಸೂ ಸಾಯುತ್ತದೆ. ಕದಡಿದ ನೀರಿನಲ್ಲಿ ಬೆಳಕು ಒಳಗೆ ಹೋಗುವುದಿಲ್ಲ. ಬ್ಯಾಟರಿ ಮುಗಿದರೆ ಅದು ಬರೀ ಕಡ್ಡಿ. ಜೊತೆಗೆ ನಾಲ್ಕು ಮಾತ್ರೆ ಇಟ್ಟುಕೊಳ್ಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುತ್ತಿದ್ದೇವೆ. ಇಲ್ಲಿ ಬಳಸುವ ಫಿಲ್ಟರನ್ನೇ ಅಲ್ಲಿಗೂ ಒಯ್ಯಬಹುದಾ? ವಾಪಸ್ ಬಂದ ಮೇಲೆ ಹೇಗೆ ಎತ್ತಿಡಬೇಕು?
– ದಂಪತಿ, ಕಡೂರು

ಉತ್ತರ: ಒಯ್ಯಿರಿ. ಆದರೆ ರಾತ್ರಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಿಮ್ಮ ಸ್ಲೀಪಿಂಗ್ ಬ್ಯಾಗಿನ ಒಳಗೇ ಇಟ್ಟುಕೊಂಡು ಮಲಗಬೇಕು. ಹಗಲು ಜಾಕೆಟ್ಟಿನ ಒಳಜೇಬಿನಲ್ಲಿರಲಿ. ನಾನು ಅಲ್ಲಿಗೆ ಹೋದಾಗ ಮೊದಲ ರಾತ್ರಿ ಸುಸ್ತಾಗಿ ಚೀಲದ ಹೊರಜೇಬಿನಲ್ಲೇ ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ತೆಗೆದರೆ ಫಿಲ್ಟರಿನ ಬಾಯಲ್ಲಿ ಮಂಜುಗಡ್ಡೆ. ಒಳಗೆ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಶಾವಿಗೆಯಂಥ ಆ ಎಳೆಗಳು ಸೀಳುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕರಗಿದ ಮೇಲೆ ನೀರು ಮೊದಲಿಗಿಂತ ಸಲೀಸಾಗಿಯೇ ಬರುತ್ತಿತ್ತು, ಅದೇ ನನಗೆ ಅನುಮಾನ ತಂದದ್ದು. ಮುಂದಿನ ನಾಲ್ಕು ದಿನ ಹಿಮ ಕರಗಿಸಿ ಕುದಿಸಿಕೊಂಡೇ ಕುಡಿದೆ. ಆ ಫಿಲ್ಟರನ್ನು ಮನೆಗೆ ತಂದು, ಯಾರೂ ಬಳಸದಿರಲಿ ಅಂತ ಎರಡು ತುಂಡು ಮಾಡಿ ಬಿಸಾಡಿದೆ. ಒಮ್ಮೆಯೂ ನೀರು ತಾಗದ ಹೊಸ ಫಿಲ್ಟರಿಗೆ ಚಳಿಯಿಂದ ತೊಂದರೆ ಇಲ್ಲ. ಒಂದು ಸಲ ಒದ್ದೆಯಾದ ಮೇಲೆ ಈ ಕಾಳಜಿ ಬೇಕು.

ವಾಪಸ್ ಬಂದ ಮೇಲೆ ಹಿಂದಕ್ಕೆ ನೀರು ತಳ್ಳಿ ತೊಳೆಯಿರಿ. ನೀರನ್ನೆಲ್ಲ ಕೊಡವಿ ನೆರಳಿನಲ್ಲಿ ಒಂದು ವಾರವಾದರೂ ಒಣಗಿಸಿ. ಒದ್ದೆ ಇರುವಾಗಲೇ ಡಬ್ಬಿಗೆ ಹಾಕಿದರೆ ಬೂಷ್ಟು ಬರುತ್ತದೆ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು. ತೊಳೆಯಲು ಆ ನೀರು ಬಳಸಿದರೆ ಒಳಗೆ ಸುಣ್ಣ ಕಟ್ಟಿ ಮುಂದಿನ ಸಲ ನೀರೇ ಹರಿಯುವುದಿಲ್ಲ. ಕಟ್ಟಿದ್ದರೆ ಬಿಳಿ ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯಿರಿ.

ಪ್ರಶ್ನೆ: ನನಗೆ ಎಪ್ಪತ್ತೆರಡು. ಹುಟ್ಟಿದಾಗಿನಿಂದ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಕುಡಿದೇ ಬೆಳೆದವನು. ಏನೂ ಆಗಿಲ್ಲ. ಈಗ ಬೆಂಗಳೂರಿನಿಂದ ಬಂದ ಮೊಮ್ಮಗ ನಮ್ಮ ಮನೆ ಹಿಂದಿನ ಗುಡ್ಡಕ್ಕೆ ಹೋಗುವಾಗಲೂ ಫಿಲ್ಟರ್ ಹಿಡಿದು ಹೋಗುತ್ತಾನೆ. ಮನಸ್ಸಿಗೆ ಬೇಜಾರಾಗುತ್ತದೆ. ನಮ್ಮ ನೀರು ಅಷ್ಟು ಕೆಟ್ಟುಹೋಯಿತಾ ತಾಯಿ?
– ಕೃಷಿಕರು, ಕೊಪ್ಪ

ಉತ್ತರ: ಹಿರಿಯರೇ, ನಿಮ್ಮ ಪತ್ರ ಎರಡು ಸಲ ಓದಿದೆ. ನನ್ನ ತವರುಮನೆಯಲ್ಲೂ ಅಬ್ಬಿ ನೀರೇ. ಬಚ್ಚಲ ಪಕ್ಕದ ಕಲ್ಲುಮರಿಗೆಗೆ ಹಗಲು ರಾತ್ರಿ ಬೀಳುತ್ತಿತ್ತು. ಆ ಸದ್ದು ನಿಂತರೆ ಅಪ್ಪ ಕತ್ತಿ ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದರು. ಎಲೆ ಕಟ್ಟಿದೆಯಾ, ದಬ್ಬೆ ಜಾರಿದೆಯಾ ಅಂತ ನೋಡಿಕೊಂಡು ಬರುತ್ತಿದ್ದರು. ವಾರಕ್ಕೊಮ್ಮೆಯಾದರೂ ಮನೆಯ ಯಾರಾದರೊಬ್ಬರು ನೀರು ಹುಟ್ಟುವ ಜಾಗದವರೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಯಾರೂ ಚಪ್ಪಲಿ ಹಾಕುತ್ತಿರಲಿಲ್ಲ, ದನ ಹೋಗದ ಹಾಗೆ ಬೇಲಿ ಇತ್ತು. ನೀವು ಆರೋಗ್ಯವಾಗಿರುವುದರಲ್ಲಿ ಆ ಕಾವಲಿನದ್ದೂ ಪಾಲಿದೆ.

ಒಂದೇ ನೀರನ್ನು ಚಿಕ್ಕಂದಿನಿಂದ ಕುಡಿದವರ ಹೊಟ್ಟೆ ಅದರಲ್ಲಿರುವ ಸಣ್ಣಪುಟ್ಟ ಜೀವಾಣುಗಳಿಗೆ ಸ್ವಲ್ಪ ಮಟ್ಟಿಗೆ ಒಗ್ಗಿರುತ್ತದೆ. ನಿಮ್ಮ ಮೊಮ್ಮಗನ ಹೊಟ್ಟೆಗೆ ಆ ಅಭ್ಯಾಸ ಇಲ್ಲ. ಅವನು ಫಿಲ್ಟರ್ ಹಿಡಿದರೆ ನಿಮ್ಮ ನೀರಿಗೆ ಅವಮಾನ ಮಾಡಿದ ಅಂತ ಅಂದುಕೊಳ್ಳಬೇಡಿ. ಹಾಗೆಯೇ ಒಗ್ಗಿದ ಹೊಟ್ಟೆ ಕಾಮಾಲೆಯನ್ನೂ ಇಲಿ ಜ್ವರವನ್ನೂ ತಡೆಯುವುದಿಲ್ಲ. ಆಸ್ಪತ್ರೆಯಲ್ಲಿದ್ದಾಗ ನಿಮ್ಮ ವಯಸ್ಸಿನ ಗಟ್ಟಿಮುಟ್ಟಾದ ಎಷ್ಟೋ ಜನ ಕಣ್ಣು ಹಳದಿಯಾಗಿ ಬಂದದ್ದನ್ನು ನೋಡಿದ್ದೇನೆ. "ನಮ್ಮ ನೀರು ಅಮೃತ" ಅಂತಲೇ ಹೇಳುತ್ತಿದ್ದರು.

ನೀರು ಕೆಟ್ಟಿದೆಯಾ ಇಲ್ಲವಾ ಅಂತ ಮೂಡಿಗೆರೆಯಲ್ಲಿ ಕೂತು ನಾನು ಹೇಳಲಾರೆ. ನೀವು ಹೇಳಬಲ್ಲಿರಿ. ಈಗ ದಬ್ಬೆಯ ಬದಲು ಕಪ್ಪು ಪೈಪ್ ಬಂದಿರುತ್ತದೆ, ಮೂಲದವರೆಗೆ ಹೋಗಿ ಎಷ್ಟು ದಿನವಾಯಿತು? ಮೇಲ್ಗಡೆ ರಸ್ತೆ ಬಂದಿದೆಯಾ, ಹೊಸ ತೋಟ ಆಗಿದೆಯಾ, ಯಾರಾದರೂ ಕೊಟ್ಟಿಗೆಯನ್ನೋ ಶೌಚದ ಗುಂಡಿಯನ್ನೋ ಮಾಡಿಕೊಂಡಿದ್ದಾರಾ? ಈ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ನಿಧಾನಕ್ಕೆ ಹತ್ತಿ ನೋಡಿ ಬನ್ನಿ. ದಾರಿ ಅವನಿಗೂ ಗೊತ್ತಿರಲಿ. ಅವನ ಫಿಲ್ಟರ್ ಅವನ ಚೀಲದಲ್ಲೇ ಇರಲಿ. ಅಲ್ಲಿ ಏನೇನು ಕಂಡಿರಿ ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.